ಹಗುರವಾದ ಸ್ಕೀ ನಡುಗದೆ ಓಡಬಲ್ಲದೇ?

ಕೋಲ್ಕತ್ತದ ಸಾಲ್ಟ್ ಲೇಕ್‌ನಲ್ಲಿ ನೆಲೆಸಿರುವ ಓದುಗರೊಬ್ಬರು ಕೇಳಿದ್ದಾರೆ: ಮಗಳು ಗುಲ್ಮಾರ್ಗ್‌ನಲ್ಲಿ ಸ್ಕೀಯಿಂಗ್ ಕಲಿತು ಬಂದಿದ್ದಾಳೆ, ಈಗ ಸ್ವಂತದ್ದೊಂದು ಜೊತೆ ಸ್ಕೀ ಬೇಕೆನ್ನುತ್ತಾಳೆ. ತೂಕ ಕಡಿಮೆ, ಕಂಪನವನ್ನೂ ಹೀರಿಕೊಳ್ಳುತ್ತದೆ, ಎಂಥ ಹಿಮಕ್ಕೂ ಸೈ ಎನ್ನುವ ಜಾಹೀರಾತುಗಳನ್ನು ನಂಬಬಹುದೇ?

ತೂಕ ಕಡಿಮೆ ಎಂಬುದು ನಿಜ. ಕಂಪನ ಹೀರಿಕೊಳ್ಳುತ್ತದೆ ಎಂಬುದೂ ಬಹುಮಟ್ಟಿಗೆ ನಿಜ. ಎಂಥ ಹಿಮಕ್ಕೂ ಎಂಬ ಮಾತನ್ನು ಮಾತ್ರ ಒಪ್ಪಲಾಗದು.

ಸ್ಕೀ ನಡುಗುವುದೇಕೆ? ಅದರ ನಡುಭಾಗ ಬೂಟಿಗೆ ಬಿಗಿದುಕೊಂಡಿರುತ್ತದೆ, ಮೂತಿ ಮತ್ತು ಬಾಲ ಬಿಡುವಾಗಿರುತ್ತವೆ. ವೇಗವಾಗಿ ಇಳಿಯುವಾಗ ನೆಲದ ಒಂದೊಂದು ಉಬ್ಬೂ ಆ ಮೂತಿಯನ್ನು ತಟ್ಟುತ್ತದೆ. ಸ್ಕೀ ಸೆಕೆಂಡಿಗೆ ಹತ್ತಿಪ್ಪತ್ತು ಸಲ ಮೇಲೆ ಕೆಳಗೆ ಬಾಗುತ್ತದೆ, ಅದಕ್ಕಿಂತ ಹೆಚ್ಚಿನ ವೇಗದಲ್ಲಿ ತಿರುಚಿಕೊಳ್ಳುತ್ತದೆ ಕೂಡ. ಕಾಲಿಗೆ ದಣಿವಾಗುವುದು ಸಣ್ಣ ತೊಂದರೆ. ತಿರುವಿನಲ್ಲಿ ಹಿಮವನ್ನು ಕಚ್ಚಿ ಹಿಡಿಯಬೇಕಾದ ಉಕ್ಕಿನ ಅಂಚು ಪ್ರತಿ ಕಂಪನಕ್ಕೂ ಅರೆಕ್ಷಣ ಹಿಡಿತ ಬಿಡುತ್ತದಲ್ಲ, ದೊಡ್ಡ ತೊಂದರೆ ಅದು. ಹಿಡಿತ ಬಿಟ್ಟರೆ ಸ್ಕೀ ಪಕ್ಕಕ್ಕೆ ಜಾರುತ್ತದೆ.

ಕಂಪನವನ್ನು ಪಳಗಿಸುವ ಕಲೆಯ ಬಗ್ಗೆ ಕೋಲ್ಕತ್ತದಿಂದಲೇ ಬಂದ ಸೊಗಸಾದ ವಿಜ್ಞಾನವಿದೆ. ಸಿ.ವಿ. ರಾಮನ್ 1907ರಲ್ಲಿ ಅಲ್ಲಿಗೆ ಹೋದದ್ದು ಹಣಕಾಸು ಇಲಾಖೆಯ ಅಧಿಕಾರಿಯಾಗಿ. ಕಚೇರಿಯ ಕೆಲಸದ ಆಚೆಗಿನ ಹೊತ್ತನ್ನೆಲ್ಲ ಬೌಬಜಾರ್‌ನ ವಿಜ್ಞಾನ ಸಂಘದ ಪ್ರಯೋಗಾಲಯದಲ್ಲಿ ಕಳೆಯುತ್ತಿದ್ದರು. ಬೆಳಕಿನ ಚದುರುವಿಕೆಗಾಗಿ ಹೆಸರಾಗುವ ಮೊದಲು ಅವರ ಮನಸ್ಸನ್ನು ಸೆಳೆದದ್ದು ವಾದ್ಯಗಳು. 1920ರಲ್ಲಿ ಸಹೋದ್ಯೋಗಿ ಎಸ್. ಕುಮಾರ್ ಅವರೊಡನೆ 'ನೇಚರ್' ಪತ್ರಿಕೆಯಲ್ಲಿ ನಮ್ಮ ಮೃದಂಗ, ತಬಲಾಗಳ ಬಗ್ಗೆ ಒಂದು ಪುಟ್ಟ ಟಿಪ್ಪಣಿ ಪ್ರಕಟಿಸಿದರು. ಬೆಂಗಳೂರಿಗೆ ಬಂದ ಮೇಲೆ 1934ರಲ್ಲಿ ಅದೇ ವಿಷಯವನ್ನು ವಿಸ್ತರಿಸಿ ಬರೆದರು.

ಬರಿಯ ಚರ್ಮವನ್ನು ಬಿಗಿದು ಬಡಿದರೆ ಒಂದಕ್ಕೊಂದು ಹೊಂದದ ಹತ್ತಾರು ಕಂಪನಗಳು ಒಟ್ಟಿಗೇ ಎದ್ದು ಗದ್ದಲವಾಗುತ್ತದೆ. ಮೃದಂಗದ ಬಲಗಡೆಯ ನಡುವಿಗೆ ಹಚ್ಚಿದ ಕಪ್ಪು ಕರಣೆ ಆ ಕಂಪನಗಳನ್ನು ಒಂದಕ್ಕೊಂದು ಹೊಂದುವಂತೆ ಸಾಲಾಗಿಸುತ್ತದೆ. ಅಂಚಿನ ಸುತ್ತ ಇರುವ ಚರ್ಮದ ಬಳೆ ಬೇಡವಾದ ಮೇಲಿನ ಕಂಪನಗಳನ್ನು ಬೇಗ ಅಡಗಿಸುತ್ತದೆ. ಹೀಗಾಗಿ ಗದ್ದಲ ಹೋಗಿ ನಾದ ಉಳಿಯುತ್ತದೆ. ವಾದ್ಯ ಮಾಡುವವರು ಚರ್ಮಕ್ಕೆಲ್ಲ ಭಾರ ಹೇರಲಿಲ್ಲ. ಎಲ್ಲಿ ಎಷ್ಟು ಬೇಕೋ ಅಲ್ಲಿ ಅಷ್ಟೇ ಹಾಕಿದರು. ಎಡಗಡೆಗೆ ಕಛೇರಿಯ ಮುಂಚೆ ರವೆಯ ಮುದ್ದೆ ಹಚ್ಚುತ್ತಾರೆ. ತೂಕ ಏರಿ ಶ್ರುತಿ ಇಳಿಯುತ್ತದೆ, ಕಛೇರಿ ಮುಗಿದ ಮೇಲೆ ಅದನ್ನು ಕೆರೆದು ತೆಗೆಯುತ್ತಾರೆ. ಒಳ್ಳೆಯ ಸ್ಕೀ ಮಾಡುವವರ ಕೆಲಸವೂ ಇದೇ ಬಗೆಯದು: ಎಲ್ಲ ಕಂಪನವನ್ನೂ ಕೊಂದರೆ ಹಿಮದ ಸುಳಿವೇ ಕಾಲಿಗೆ ತಿಳಿಯದು. ಕೆಡುಕಿನದನ್ನು ಅಡಗಿಸಿ ಬೇಕಾದದ್ದನ್ನು ಉಳಿಸಬೇಕು. ಒಂದು ವ್ಯತ್ಯಾಸ ಮಾತ್ರ ದೊಡ್ಡದು. ಮೃದಂಗದವರು ರವೆಯನ್ನು ಹೆಚ್ಚು ಕಡಿಮೆ ಮಾಡಿಕೊಳ್ಳಬಲ್ಲರು. ಇಳಿಜಾರಿನ ನಡುವೆ ಹಿಮ ಬದಲಾದರೆ ಸ್ಕೀಗೆ ಆ ಅವಕಾಶವಿಲ್ಲ.

ಸ್ಕೀಯ ಚರಿತ್ರೆಯಲ್ಲಿ ಹಗುರತನವೂ ನಡುಕವೂ ಜೊತೆಯಾಗಿಯೇ ಬಂದವು. ಹವರ್ಡ್ ಹೆಡ್ ಅಮೆರಿಕದ ವಿಮಾನ ಕಂಪನಿಯೊಂದರ ಇಂಜಿನಿಯರ್. ಮರದ ಭಾರವಾದ ಸ್ಕೀಗಳಿಂದ ಬೇಸತ್ತು 1947ರಲ್ಲಿ ವಿಮಾನದ ರೀತಿಯಲ್ಲೇ ಅಲ್ಯೂಮಿನಿಯಂ ಹಾಳೆಗಳ ನಡುವೆ ಹಗುರವಾದ ತಿರುಳಿಟ್ಟು ಸ್ಕೀ ಮಾಡಹೊರಟರು. ಮುರಿದವುಗಳ ರಾಶಿಯ ಮೇಲೆ 1950ರ ಹೊತ್ತಿಗೆ ಗೆದ್ದರು. 1960ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸಿನ ಜಾನ್ ವುಅರ್ನೆ ಲೋಹದ ಸ್ಕೀ ತೊಟ್ಟು ಡೌನ್‌ಹಿಲ್ ಚಿನ್ನ ಗೆದ್ದ ಮೇಲೆ ಮರದ ಕಾಲ ಮುಗಿಯುತ್ತ ಬಂತು. ಆದರೆ ಗಟ್ಟಿ ಹಿಮದ ಮೇಲೆ ವೇಗ ಏರಿದಾಗ ಹೆಡ್ ಅವರ ಸ್ಕೀ ಗಡಗಡ ನಡುಗುತ್ತಿತ್ತು. ಆ ದಶಕದಲ್ಲೇ ಅವರು ಪದರಗಳ ನಡುವೆ ನಿಯೋಪ್ರಿನ್ ರಬ್ಬರಿನ ತೆಳು ಹಾಳೆ ಸೇರಿಸಿದರು.

ಆ ರಬ್ಬರು ಮಾಡುವುದೇನು? ಸ್ಕೀ ಬಾಗಿದಾಗ ಮೇಲಿನ ಹಾಳೆ ಒಂದು ಕಡೆಗೂ ಕೆಳಗಿನದು ಇನ್ನೊಂದು ಕಡೆಗೂ ಸರಿಯಲು ನೋಡುತ್ತವೆ. ನಡುವೆ ಸಿಕ್ಕಿದ ರಬ್ಬರು ಓರೆಯಾದ ಎಳೆದಾಟಕ್ಕೆ ಒಳಗಾಗುತ್ತದೆ. ಆ ಎಳೆದಾಟದಲ್ಲಿ ಕಂಪನದ ಶಕ್ತಿ ಶಾಖವಾಗಿ ಕರಗಿಹೋಗುತ್ತದೆ. 1959ರಲ್ಲಿ ಎಡ್ವರ್ಡ್ ಕರ್ವಿನ್ ಇದರ ಗಣಿತವನ್ನು ಸ್ಪಷ್ಟವಾಗಿ ಬರೆದಿಟ್ಟರು. ಇಂದಿಗೂ ಹಗುರ ಸ್ಕೀಗಳ 'ಶಮನ ತಂತ್ರಜ್ಞಾನ'ದ ಬಹುಪಾಲು ಈ ತತ್ತ್ವವೇ. 1990ರ ದಶಕದಲ್ಲಿ ಕೆ2 ಕಂಪನಿ ಕಂಪನವನ್ನು ವಿದ್ಯುತ್ತಾಗಿಸಿ ಕಳೆಯುವ ಪೀಜೋ ಹರಳನ್ನೂ ಸ್ಕೀಗೆ ಅಂಟಿಸಿತು. ಅದರಲ್ಲಿದ್ದ ಪುಟ್ಟ ದೀಪ ಮಿನುಗುತ್ತಿತ್ತು.

ಈಗಿನ ಹಗುರತನದ ಮೂಲ ಕಾರ್ಬನ್ ನಾರು. ತೂಕಕ್ಕೆ ಹೋಲಿಸಿದರೆ ಅದರ ಗಡಸುತನ ಅಪಾರ, ಆದರೆ ಕಂಪನವನ್ನು ತನ್ನೊಳಗೆ ಕರಗಿಸಿಕೊಳ್ಳುವ ಗುಣ ಬಹಳ ಕಡಿಮೆ. ಅದಕ್ಕೇ ಅಗಸೆ ನಾರನ್ನೋ ರಬ್ಬರನ್ನೋ ಜೊತೆಗೆ ಸೇರಿಸುತ್ತಾರೆ. ನಡುಕ ನಿಜವಾಗಿಯೂ ಬೇಗ ನಿಲ್ಲುತ್ತದೆ. ಜಾಹೀರಾತು ಇಲ್ಲಿಗೆ ನಿಲ್ಲಿಸುತ್ತದೆ, ಭೌತಶಾಸ್ತ್ರ ಮುಂದುವರಿಯುತ್ತದೆ. ಹೊಡೆತ ಬಿದ್ದ ಮೇಲೆ ನಡುಕ ಎಷ್ಟು ಬೇಗ ಅಡಗುತ್ತದೆ ಎಂಬುದನ್ನು ಶಮನ ನಿರ್ಧರಿಸುತ್ತದೆ. ಹೊಡೆತ ಬಿದ್ದಾಗ ಸ್ಕೀ ದಾರಿ ಬಿಟ್ಟು ಎಷ್ಟು ದೂರ ಚಿಮ್ಮುತ್ತದೆ ಎಂಬುದನ್ನು ನಿರ್ಧರಿಸುವುದು ಅದರ ತೂಕ. ಒಂದೇ ಬಲಕ್ಕೆ ಹಗುರವಾದದ್ದು ಹೆಚ್ಚು ಚಿಮ್ಮುತ್ತದೆ. ಈ ಲೆಕ್ಕವನ್ನು ಯಾವ ರಬ್ಬರೂ ಬದಲಿಸಲಾರದು.

ಇನ್ನು ಹಿಮದ ಮಾತು. ಜನವರಿ, ಫೆಬ್ರವರಿಯಲ್ಲಿ ಗುಲ್ಮಾರ್ಗ್‌ನ ಅಫರ್ವತ್ ಶಿಖರದ ಮೇಲೆ ಬೀಳುವ ಒಣ ಪುಡಿಹಿಮದ ಬಹುಪಾಲು ಬರಿಯ ಗಾಳಿ. ಒಂದು ಘನ ಮೀಟರಿಗೆ ನೂರು ಕೆಜಿಯೂ ತೂಗದ ಹಿಮವಿದೆ, ನೀರಾದರೆ ಸಾವಿರ ಕೆಜಿ. ಇಂಥ ಹಿಮ ತಾನೇ ಕುಸಿದು ಹೊಡೆತವನ್ನು ನುಂಗಿಬಿಡುತ್ತದೆ, ಸ್ಕೀಯೊಳಗಿನ ಶಮನಕ್ಕೆ ಕೆಲಸವೇ ಇರುವುದಿಲ್ಲ. ಇಲ್ಲಿ ಬೇಕಾದದ್ದು ತೇಲಲು ಅಗಲ, ತಿರುಗಿಸಲು ಹಗುರತನ. ಹಗುರ ಸ್ಕೀ ಬೆಳಗುವ ಜಾಗ ಇದು.

ಅದೇ ಇಳಿಜಾರಿನಲ್ಲಿ ನೂರಾರು ಜನ ಓಡಾಡಿದ ಮೇಲೆ ಹಿಮ ಗುಪ್ಪೆ ಗುಪ್ಪೆಯಾಗಿ ಒಡೆದಿರುತ್ತದೆ. ಒಂದು ಗುಪ್ಪೆ ಮೆತ್ತಗೆ, ಮುಂದಿನದು ಗಟ್ಟಿ. ಹಗುರ ಸ್ಕೀ ಹೆಚ್ಚು ಸೋಲುವುದು ಇಲ್ಲೇ. ನಡುಕ ನಿಂತರೂ ಮೂತಿ ಅತ್ತಿತ್ತ ಎಳೆಯುತ್ತದೆ. ಟೈಟಾನಲ್ ಎಂಬ ಅಲ್ಯೂಮಿನಿಯಂ ಮಿಶ್ರಲೋಹದ ಹಾಳೆಯುಳ್ಳ ಭಾರದ ಸ್ಕೀ ಅದನ್ನು ಸೀಳಿಕೊಂಡು ಹೋಗುತ್ತದೆ. ಹೆಪ್ಪುಗಟ್ಟಿದ ಗಡಸು ಹಿಮದ ಮೇಲೆ ನೆಲ ಏನನ್ನೂ ಹೀರುವುದಿಲ್ಲವಾದ್ದರಿಂದ ಶಮನ ತನ್ನ ಪೂರ್ತಿ ಬೆಲೆ ತೋರಿಸುತ್ತದೆ. ಸ್ಪರ್ಧೆಯ ಸ್ಕೀಗಳು ಇಂದಿಗೂ ಭಾರವಾಗಿಯೇ ಉಳಿದಿರುವುದು ಈ ಕಾರಣಕ್ಕೆ. ಮಾರ್ಚಿನ ಮಧ್ಯಾಹ್ನದ ಒದ್ದೆ ಹಿಮದಲ್ಲಿ ತೊಡಕು ಬೇರೆ: ನೀರಿನ ಪದರ ಸ್ಕೀಯ ತಳವನ್ನು ಹಿಡಿದೆಳೆಯುತ್ತದೆ. ಅಲ್ಲಿ ಉತ್ತರ ಮೇಣದಲ್ಲೂ ತಳದ ಸೂಕ್ಷ್ಮ ಗೀರುಗಳಲ್ಲೂ ಇದೆ, ಶಮನದಲ್ಲಿ ಇಲ್ಲ.

ಚಳಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ರಬ್ಬರಿನಂಥ ವಸ್ತುಗಳ ಶಮನ ಗುಣ ತಾಪಮಾನದೊಂದಿಗೆ ಏರಿಳಿಯುತ್ತದೆ. ಅಂಗಡಿಯ ಬೆಚ್ಚನೆಯ ಕೋಣೆಯಲ್ಲಿ ಸ್ಕೀಯನ್ನು ತಟ್ಟಿ ನೋಡಿದರೆ, ಸೊನ್ನೆಗಿಂತ ಹದಿನೈದು ಡಿಗ್ರಿ ಕೆಳಗೆ ಅದು ಹೇಗೆ ವರ್ತಿಸುತ್ತದೆಂದು ತಿಳಿಯದು.

ಸ್ಕೀಯನ್ನು ಹೊತ್ತು ಬೆಟ್ಟ ಹತ್ತುವವರಿಗೆ, ಕೊಡಗಿನ ಸ್ಕೀ ಪಟು ತೆಕ್ಕಡ ಭವಾನಿಯವರಂತೆ ಕ್ರಾಸ್ ಕಂಟ್ರಿಯಲ್ಲಿ ಪ್ರತಿ ಹೆಜ್ಜೆಗೂ ಸ್ಕೀ ಎತ್ತಿ ಇಡುವವರಿಗೆ ಒಂದೊಂದು ಗ್ರಾಮ್ ಉಳಿತಾಯವೂ ಲಾಭ. ಗೊಂಡೊಲಾ ಕೇಬಲ್ ಕಾರಿನಲ್ಲಿ ಕೂತು ಮೇಲೇರಿ ಬರಿದೆ ಇಳಿಯುವವರಿಗೆ ಆ ಲಾಭ ಅಷ್ಟಿಲ್ಲ. ಆದ್ದರಿಂದ ಸಾಲ್ಟ್ ಲೇಕ್‌ನ ಓದುಗರಿಗೆ ನನ್ನ ಸಲಹೆ: ಮಗಳು ಇನ್ನೊಂದೆರಡು ಚಳಿಗಾಲ ಬಾಡಿಗೆಯ ಸ್ಕೀಗಳಲ್ಲೇ ಇಳಿಯಲಿ, ಹಗುರದ್ದನ್ನೂ ಭಾರದ್ದನ್ನೂ ಒಂದೇ ದಿನ ಒಂದೇ ಇಳಿಜಾರಿನಲ್ಲಿ ಪರೀಕ್ಷಿಸಲಿ. ಕೊಳ್ಳುವ ದಿನ ಅಂಗಡಿಯವರನ್ನು ಇದು ಎಷ್ಟು ಹಗುರ ಎಂದು ಕೇಳುವ ಮೊದಲು, ಇದನ್ನು ಯಾವ ಹಿಮಕ್ಕೆಂದು ಮಾಡಿದ್ದೀರಿ ಎಂದು ಕೇಳಲಿ. ಅದಕ್ಕೆ ನೇರ ಉತ್ತರ ಕೊಡುವ ತಯಾರಕರದ್ದನ್ನೇ ಕೊಳ್ಳಲಿ.