ಕುಮಾರಪರ್ವತ: ಒಂದೇ ಹಗಲಿನಲ್ಲಿ ನಾಲ್ಕು ಲೋಕ

ಕರ್ನಾಟಕದ ಬೆಟ್ಟಗಳ ಎತ್ತರದ ಪಟ್ಟಿ ನೋಡಿದರೆ ಮುಳ್ಳಯ್ಯನಗಿರಿಯೇ ದೊಡ್ಡದು, ಒಪ್ಪಿದೆ. ಕುಮಾರಪರ್ವತ 1,712 ಮೀಟರ್, ಅದಕ್ಕಿಂತ 200 ಮೀಟರಿಗೂ ಹೆಚ್ಚು ಗಿಡ್ಡ. ಆದರೆ ಮುಳ್ಳಯ್ಯನಗಿರಿಯ ನೆತ್ತಿಯ ಹತ್ತಿರದವರೆಗೂ ವಾಹನ ಹೋಗುತ್ತದೆ. ಇಲ್ಲಿ? ಕುಕ್ಕೆ ಸುಬ್ರಹ್ಮಣ್ಯದ ಬೀದಿ ಸಮುದ್ರಮಟ್ಟದಿಂದ ನೂರು ಚಿಲ್ಲರೆ ಮೀಟರ್ ಎತ್ತರದಲ್ಲಿದೆ ಅಷ್ಟೇ. ಉಳಿದ ಸುಮಾರು 1,600 ಮೀಟರನ್ನು ನಮ್ಮ ಕಾಲೇ ಹತ್ತಬೇಕು, 13 ಕಿಲೋಮೀಟರ್ ದಾರಿಯಲ್ಲಿ, ಹತ್ತಿದ ದಿನವೇ ಇಳಿಯಬೇಕು!

ಕುಕ್ಕೆಯಿಂದ ಹೊರಟು ದೇವರಗದ್ದೆ ದಾಟಿದ ಕೂಡಲೇ ಕಾಡು ನುಂಗಿಬಿಡುತ್ತದೆ. ಬೆಳಗಾಗಿದೆ ಎಂದು ಗಡಿಯಾರ ಹೇಳುತ್ತದೆ, ಕಾಡು ಒಪ್ಪುವುದಿಲ್ಲ. ಬೇರುಗಳೇ ಇಲ್ಲಿ ಮೆಟ್ಟಿಲು. ತರಗೆಲೆಯ ಕೆಳಗೆ ಕಲ್ಲು, ಕಲ್ಲಿನ ಮೇಲೆ ಪಾಚಿ, ಪಾಚಿಯ ಮೇಲೆ ತಲೆಯೆತ್ತಿ ಓಲಾಡುವ ಇಂಬಳ. ಎಲ್ಲೋ ಹಳ್ಳದ ಹತ್ತಿರ ಯಾರೋ ಶಿಳ್ಳೆ ಹಾಕುತ್ತಿದ್ದಾರೆ, ಮನುಷ್ಯರಂತೆಯೇ, ಅರ್ಧ ಗೊತ್ತಿರುವ ಹಾಡನ್ನು ಎಳೆದೆಳೆದು. ಯಾರೂ ಅಲ್ಲ, ಕಡುನೀಲಿ ಬಣ್ಣದ ಒಂದು ಹಕ್ಕಿ! ಅದರ ಶಿಳ್ಳೆಗೆ ಮರುಳಾಗಿ ನಿಂತರೆ ಇಂಬಳ ಕಾಲು ಹತ್ತುತ್ತದೆ, ಹಾಗಾಗಿ ನಡೆಯುತ್ತಲೇ ಕೇಳಬೇಕು. ಭೀಮನಬಂಡೆಯ ಹತ್ತಿರ ಮಾತ್ರ ಕುಳಿತು ಉಸಿರು ಬಿಟ್ಟೆವು.

ಮುಂದೆ ಒಂದು ತಿರುವು. ಕಾಡು ಮುಗಿಯಿತು! ನಿಧಾನವಾಗಿ ತೆಳುವಾಗಿ ಅಲ್ಲ, ಗೆರೆ ಎಳೆದಂತೆ. ಎದುರಿಗೆ ಹುಲ್ಲು, ಬರೀ ಹುಲ್ಲು, ಅದರ ಮೇಲೆ ಸುರಿಯುವ ಬಿಸಿಲು, ಬಹಳ ದೂರದಲ್ಲಿ ಬೆಟ್ಟ. ಗಿರಿಗದ್ದೆಯ ಭಟ್ಟರ ಮನೆ ಇರುವುದು ಈ ಬಯಲಲ್ಲೇ. ಚಾರಣಿಗರಿಗೆ ಅದೊಂದು ಮನೆಗಿಂತ ಹೆಚ್ಚಾಗಿ ಒಂದು ಊರಿನ ಹೆಸರಿದ್ದಂತೆ. ಅರಣ್ಯ ಇಲಾಖೆಯ ತಪಾಸಣಾ ಠಾಣೆಯೂ ಇಲ್ಲೇ ಸಮೀಪ. 2024ರ ಜನವರಿಯ ಗಣರಾಜ್ಯೋತ್ಸವದ ರಜೆಯಲ್ಲಿ ಸಾವಿರಾರು ಜನ ಒಟ್ಟಿಗೆ ಬಂದು ಈ ಕಾಲುದಾರಿಯನ್ನು ಜಾತ್ರೆಯ ಬೀದಿ ಮಾಡಿದ್ದರು. ಆಮೇಲೆ ಆನ್‌ಲೈನ್‌ನಲ್ಲಿ ಮೊದಲೇ ಅನುಮತಿ ಪಡೆಯುವ ನಿಯಮ ಬಂತು. ಬಂದದ್ದು ಒಳ್ಳೆಯದೇ ಆಯಿತು ಎನ್ನುವವನು ನಾನು.

ಈ ಹುಲ್ಲುಗಾವಲು ಕಾಡು ಕಡಿದು ಆದದ್ದಲ್ಲ ಎಂದು ಯಾರಾದರೂ ಹೇಳಿದಾಗ ಮೊದಲು ನಂಬುವುದು ಕಷ್ಟ. ಆದರೆ ಮೇಲೇರಿದಂತೆ ಕಣ್ಣಿಗೇ ಕಾಣುತ್ತದೆ. ಏಣಿನ ಮೇಲೆ ಮಣ್ಣು ತೆಳು, ಗಾಳಿ ಜೋರು, ಹುಲ್ಲಿಗೆ ಮಾತ್ರ ನಿಲ್ಲುವ ತಾಕತ್ತು. ಗಾಳಿ ತಪ್ಪಿದ ಮಡಿಲುಗಳಲ್ಲಿ, ಮಣ್ಣು ಇಳಿದು ತುಂಬಿದ ಕಡೆ, ಕಡುಹಸಿರು ಶೋಲೆ ಕಾಡು ಮುದುಡಿಕೊಂಡು ಕೂತಿದೆ. ಹುಲ್ಲು ಒಂದು ಕಡೆ, ಮರ ಒಂದು ಕಡೆ, ಯಾವ ಬೇಲಿಯೂ ಇಲ್ಲ!

ಬಿಸಿಲಲ್ಲಿ ಬೆಂದು ಕಲ್ಲುಮಂಟಪ ಮುಟ್ಟಿದಾಗ ಅದರ ನೆರಳು ಅರಮನೆ. ಈ ಕಂಬಗಳನ್ನು ಇಲ್ಲಿ ಎಬ್ಬಿಸಿ ನಿಲ್ಲಿಸಿದವರ ತೋಳು ಎಂಥದ್ದಿರಬೇಕು! ಪಕ್ಕದಲ್ಲೇ ನೀರು. ಬಾಟಲಿ ತುಂಬಿಸಿಕೊಂಡು, ದಾರಿಯಲ್ಲಿ ಸಿಗುವ ಶೇಷಪರ್ವತ ಎಂಬ ಶಿಖರದತ್ತ ಹೊರಟೆವು. ಈ ಏರು ಮೊಣಕಾಲಿನ ಚಿಪ್ಪನ್ನು ಎಣಿಸಿ ನೋಡುತ್ತದೆ.

ಶೇಷಪರ್ವತದ ಅಂಚಿಗೆ ಬಂದರೆ, ಅಬ್ಬಾ, ನೆಲ ಇಲ್ಲ! ನೇರ ಪ್ರಪಾತ. ಕೆಳಗಿನಿಂದ ಮೋಡ ಏರಿ ಬರುತ್ತಿದೆ, ಕಾಲ ಬುಡದಿಂದ ಮುಖಕ್ಕೆ. ಕಡಲಿನ ಕಡೆಯಿಂದ ಬರುವ ತೇವದ ಗಾಳಿಗೆ ಈ ಗೋಡೆ ಅಡ್ಡ ನಿಂತಿದೆ. ಗಾಳಿ ಮೇಲೇರಬೇಕು, ಏರಿದ್ದು ತಣಿಯಬೇಕು, ತಣಿದದ್ದು ಮೋಡವಾಗಬೇಕು. ನಮ್ಮ ಕಣ್ಣೆದುರೇ ಆಗುತ್ತಿದೆ! ಈ ಗೋಡೆಯ ಕಥೆ ಇನ್ನೂ ದೊಡ್ಡದು. ಸುಮಾರು 9 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಭಾರತದ ಪಶ್ಚಿಮದ ಅಂಚಿನಿಂದ ಬಿರಿದು ದೂರ ಸರಿಯಿತು. ಪಶ್ಚಿಮ ಘಟ್ಟದ ಈ ಕಡಿದಾದ ಮಗ್ಗುಲು ಆ ಬಿರುಕಿನ ಜೊತೆ ಹುಟ್ಟಿ, ಮಳೆಗೆ ಸವೆಯುತ್ತ ಹಿಂದೆ ಸರಿದು ನಿಂತದ್ದು. ಹಿಮಾಲಯ ಆಗಿನ್ನೂ ಹುಟ್ಟಿರಲಿಲ್ಲ.

ಇದೇ ತುದಿ ಎಂದುಕೊಂಡು ಇಲ್ಲಿಂದಲೇ ಹಿಂದಿರುಗುವವರೂ ಉಂಟು. ಅಯ್ಯೋ, ಅಸಲು ಬೆಟ್ಟ ಇನ್ನೂ ಆಚೆ! ಹತ್ತಿದ್ದರಲ್ಲಿ ಸ್ವಲ್ಪವನ್ನು ಬಿಟ್ಟುಕೊಟ್ಟು ಶೋಲೆಗೆ ಇಳಿಯಬೇಕು. ಒಳಗೆ ಕಾಲಿಟ್ಟದ್ದೇ ಚಳಿ. ಮರಗಳು ಗಿಡ್ಡ, ಕೊಂಬೆಗಳು ತಿರುಚು, ಕಾಂಡದ ತುಂಬ ಪಾಚಿ, ಪಾಚಿಯ ತುಂಬ ನೀರು. ಕಾಡು ಮುಗಿಯುವಲ್ಲಿ ದಾರಿಯೂ ಮುಗಿಯುತ್ತದೆ. ಎದುರಿಗೆ ಬಂಡೆ, ಕಡಿದಾಗಿ, ಕಪ್ಪಾಗಿ, ಒದ್ದೆಯಾಗಿ.

ಮಳೆ ನಿಂತು ವಾರಗಳಾಗಿವೆ. ನೆತ್ತಿಯಲ್ಲಿ ಕೆರೆಯಿಲ್ಲ. ಈ ನೀರು ಎಲ್ಲಿಂದ? ಮಳೆಗಾಲದಲ್ಲಿ ಕುಡಿದದ್ದನ್ನು ಹುಲ್ಲಿನ ಬೇರು, ತರಗೆಲೆ ಕೊಳೆತ ಕರಿಮಣ್ಣು, ಪಾಚಿ ಎಲ್ಲ ಹಿಡಿದಿಟ್ಟುಕೊಂಡಿವೆ. ದಿನಾ ಬರುವ ಮಂಜನ್ನೂ ಎಲೆಗಳು ಹಿಡಿದು ತೊಟ್ಟಿಕ್ಕಿಸುತ್ತವೆ. ಇಂಥವೇ ಹನಿಗಳು ಸೇರಿ ಕುಮಾರಧಾರೆ! ಬೆಟ್ಟದ ಕೊಡಗಿನ ಮಗ್ಗುಲಲ್ಲಿ ಹುಟ್ಟಿ, ಮಲ್ಲಳ್ಳಿಯಲ್ಲಿ ಸುಮಾರು 200 ಅಡಿ ಧುಮುಕಿ, ಬಳಸಿಕೊಂಡು ಕುಕ್ಕೆಗೆ ಬಂದು, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುವ ಅದೇ ಹೊಳೆ. ತಾರಕನನ್ನು ಕೊಂದ ಕುಮಾರಸ್ವಾಮಿ ಆಯುಧ ತೊಳೆದದ್ದು ಇದರಲ್ಲೇ ಎನ್ನುತ್ತದೆ ಸ್ಥಳಪುರಾಣ.

ಈಗ ಕಾಲೊಂದೇ ಸಾಲದು. "ಅಲ್ಲಿ ಕಾಲಿಡ್ಬೇಡಿ ಮಾರಾಯ್ರೆ, ಜಾರ್ತದೆ! ಈ ಬದಿಗೆ ಬನ್ನಿ, ಇಲ್ಲಿ ಹಿಡೀಲಿಕ್ಕೆ ಉಂಟು," ಮೇಲಿನಿಂದ ನಮ್ಮ ಜೊತೆಗಾರರ ದನಿ. ಹೊಟ್ಟೆಯನ್ನು ಬಂಡೆಗೆ ಒತ್ತಿ, ಬೆರಳನ್ನು ಬಿರುಕಿಗೆ ತೂರಿಸಿ, ಶೂಸಿನ ತುದಿಗೆ ಒಂದು ಒಣ ಗೀರು ಹುಡುಕಿ, ಮೈಯನ್ನು ಎಳೆದುಕೊಳ್ಳಬೇಕು. ಮೂರು ಕಡೆ ಗಟ್ಟಿಯಾಗಿದ್ದಾಗ ಮಾತ್ರ ನಾಲ್ಕನೆಯದನ್ನು ಎತ್ತು. ಇದೇ ಇಲ್ಲಿಯ ಪೂರ್ತಿ ವ್ಯಾಕರಣ. ಕಲ್ಲು ಮೂಗಿಗೆ ತಾಗುವಷ್ಟು ಹತ್ತಿರ. ಕೊಡಗಿನ ಈ ಸೀಮೆಯ ಕಲ್ಲು 250 ಕೋಟಿ ವರ್ಷಗಳಿಗೂ ಹಿಂದಿನದು. ನೆಲದ ಮೇಲೆ ಒಂದು ಹುಲ್ಲೂ ಮೊಳೆಯದ ಕಾಲದ್ದು! ಅಂಥದ್ದನ್ನು ಬರಿಗೈಯಲ್ಲಿ ಹಿಡಿದು ನೇತಾಡುತ್ತಿದ್ದೇನೆ ಎಂದು ಹೊಳೆದದ್ದೇ ಹೆದರಿಕೆ ಎಲ್ಲಿ ಹೋಯಿತೋ. ಬಿದ್ದರೆ ಕಲ್ಲಿಗೆ ಏನೂ ಆಗುವುದಿಲ್ಲ ಎಂಬುದು ಬೇರೆ ಮಾತು.

ಕೊನೆಯ ಎಳೆತ, ಮತ್ತೆ ಹುಲ್ಲು, ಕಲ್ಲು ಪೇರಿಸಿದ ಪುಟ್ಟ ಗುಡಿ, ಮತ್ತೆ ಏರಲು ಏನೂ ಇಲ್ಲ! ಪಶ್ಚಿಮಕ್ಕೆ ದಕ್ಷಿಣ ಕನ್ನಡ, ಪೂರ್ವಕ್ಕೆ ಕೊಡಗು. ಕುಕ್ಕೆಯಲ್ಲಿ ಬೆವರು ಒರೆಸುತ್ತಿರುವವರಿಗಿಂತ ಇಲ್ಲಿ ಹತ್ತು ಡಿಗ್ರಿ ತಂಪು. ಸಾವಿರ ಮೀಟರಿಗೆ ಆರೂವರೆ ಡಿಗ್ರಿ ಎಂಬ ಶಾಲೆಯ ಪಾಠವನ್ನು ಒದ್ದೆ ಅಂಗಿಯೇ ಒಪ್ಪಿಸುತ್ತಿದೆ. ಬುತ್ತಿ ಬಿಚ್ಚಿದ್ದೇ ತಡ, ಮೋಡ ಬಂದು ಕೊಡಗನ್ನು ಅಳಿಸಿತು, ಸರಿದು ಮತ್ತೆ ತೋರಿಸಿತು, ಇನ್ನೊಮ್ಮೆ ಅಳಿಸಿತು. ನಾನಿನ್ನೂ ಬಾಯಿ ತೆರೆದು ನೋಡುತ್ತಲೇ ಇದ್ದೆ.

"ಏಳಿ, ಏಳಿ! ಇನ್ನು 13 ಕಿಲೋಮೀಟರ್ ಇಳೀಲಿಕ್ಕೆ ಉಂಟು. ಬಂಡೆಯಲ್ಲಿ ಮುಖ ಕಲ್ಲಿನ ಕಡೆಗೇ ಮಾಡಿ ಇಳೀಬೇಕು, ಗೊತ್ತಾಯ್ತಲ್ಲ?"