ಕೆರೆಗಳ ದಾರಿಯಲ್ಲಿ ಬೇಸಿಗೆಯ ಪಯಣ

‘ದೇಶ ಸುತ್ತಬೇಕು, ಕೋಶ ಓದಬೇಕು’ ಎಂಬುದು ಹಿರಿಯರ ಮಾತು. ಇವೆರಡನ್ನೂ ಒಂದೇ ಸಲಕ್ಕೆ ಸಾಧಿಸುವ ಮಾರ್ಗವೊಂದುಂಟು. ಅದು ಬೇಸಿಗೆಯ ರಜೆಯಲ್ಲಿ ಕೆರೆಗಳ ದಡದ ಊರುಗಳನ್ನು ನೋಡುತ್ತ ಸಾಗುವ ಪ್ರವಾಸ. ಕೆರೆಯನ್ನು ನೋಡಲು ಮಳೆಗಾಲವೇ ತಕ್ಕ ಕಾಲವೆಂದು ಅನೇಕರು ಭಾವಿಸುತ್ತಾರೆ. ತುಂಬಿದ ಕೆರೆ ಕಣ್ಣಿಗೆ ಹಬ್ಬವೆಂಬುದು ನಿಜ. ಆದರೆ ಆಗ ಕಾಣುವುದು ನೀರು ಮಾತ್ರ. ಆ ನೀರನ್ನು ನಿಲ್ಲಿಸಿದವರ ಜಾಣ್ಮೆ ನೀರಿನ ಕೆಳಗೆ ಅಡಗಿರುತ್ತದೆ. ಬೇಸಿಗೆಯಲ್ಲಿ ನೀರು ಇಳಿದಂತೆಲ್ಲ ಏರಿಯ ಒಳಮೈಗೆ ಜೋಡಿಸಿದ ಕಲ್ಲುಗಳು, ತೂಬಿನ ಕಂಬಗಳು, ವರ್ಷವರ್ಷವೂ ಬಂದು ಕುಳಿತ ಹೂಳು ಒಂದೊಂದಾಗಿ ಹೊರಗೆ ಕಾಣುತ್ತವೆ. ಕೆರೆಯನ್ನು ಓದಿ ಅರಿಯಬೇಕೆನ್ನುವವನಿಗೆ ಬೇಸಿಗೆಯೇ ಒಳ್ಳೆಯ ಕಾಲ.

ಓದುವುದಕ್ಕೆ ಮೊದಲು ಅಕ್ಷರಗಳ ಪರಿಚಯ ಬೇಕಷ್ಟೆ. ಹಳ್ಳಕ್ಕೆ ಅಡ್ಡಲಾಗಿ ಮಣ್ಣು ಕಲ್ಲುಗಳಿಂದ ಕಟ್ಟಿದ ದಿಬ್ಬವೇ ಏರಿ. ಹೊಲಗದ್ದೆಗಳಿಗೆ ಬೇಕಾದಷ್ಟು ನೀರನ್ನು ಅಳೆದು ಬಿಡುವ ದ್ವಾರ ತೂಬು. ಹೆಚ್ಚಾದ ನೀರು ಏರಿಯನ್ನು ಒಡೆಯದಂತೆ ಹೊರಗೆ ಹರಿದುಹೋಗಲು ಮಾಡಿದ ದಾರಿ ಕೋಡಿ. ನೀರು ನಿಲ್ಲುವ ಸ್ಥಳ ಅಂಗಳ. ಕೆರೆಯ ನೀರು ಉಣ್ಣುವ ಭೂಮಿ ಅಚ್ಚುಕಟ್ಟು. ತೂಬನ್ನು ತೆರೆದು ಮುಚ್ಚಿ, ಪ್ರತಿಯೊಬ್ಬ ರೈತನ ಪಾಲಿನ ನೀರನ್ನು ಅವನ ಗದ್ದೆಗೆ ಮುಟ್ಟಿಸುವವನೇ ನೀರುಗಂಟಿ. ಈ ಆರು ಮಾತುಗಳನ್ನು ಬಲ್ಲವನಿಗೆ ಯಾವ ಊರಿನ ಕೆರೆಯೂ ಅಪರಿಚಿತವಲ್ಲ.

ಪ್ರವಾಸದ ಸಿದ್ಧತೆಯಲ್ಲಿ ಮೊದಲು ನಿಶ್ಚಯಿಸಬೇಕಾದುದು ಕಾಲ. ಏಪ್ರಿಲ್ ತಿಂಗಳ ನಡುವಿನಿಂದ ಅಶ್ವಿನಿ, ಭರಣಿ, ಕೃತ್ತಿಕೆ ಎಂಬ ಮಳೆ ನಕ್ಷತ್ರಗಳು ಒಂದರ ಹಿಂದೊಂದು ಬರುತ್ತವೆ. ‘ಭರಣಿ ಮಳೆ ಸುರಿದರೆ ಧರಣಿಯೆಲ್ಲ ಬೆಳೆ’ ಎಂದು ರೈತರು ಅದನ್ನು ಹಾರೈಸುತ್ತಾರೆ. ಪ್ರಯಾಣಿಕನಾದರೋ ಅದನ್ನು ಎಚ್ಚರದಿಂದ ಕಾಣಬೇಕು. ಈ ದಿನಗಳಲ್ಲಿ ಬೆಳಗಿನಲ್ಲಿ ಆಕಾಶ ನಿರ್ಮಲವಾಗಿದ್ದರೂ ಮಧ್ಯಾಹ್ನ ಕಳೆದ ಮೇಲೆ ಗುಡುಗು ಸಿಡಿಲುಗಳೊಡನೆ ಮಳೆ ಬರುವುದುಂಟು. ಆದುದರಿಂದ ನಸುಕಿನಲ್ಲಿಯೇ ಹೊರಟು, ಬಿಸಿಲೇರುವ ಮೊದಲು ಕೆರೆಯನ್ನು ನೋಡಿ, ನಡುಹಗಲನ್ನು ಊರಿನೊಳಗೆ ನೆರಳಿನಲ್ಲಿ ಕಳೆಯುವುದು ಲೇಸು. ದಿನಕ್ಕೆ ನೂರು ಕಿಲೋಮೀಟರುಗಳ ಆಸುಪಾಸಿನ ದಾರಿ ಸಾಕು. ದಾರಿಯನ್ನೆಲ್ಲ ವೇಗದಿಂದ ನುಂಗಿ ಹಾಕುವವನಿಗೆ ಊರುಗಳ ಹೆಸರುಗಳಷ್ಟೇ ಉಳಿಯುತ್ತವೆ.

ಎರಡನೆಯದು ದಾರಿಯ ಆಯ್ಕೆ. ಹಳೇಬೀಡಿನಿಂದ ಹೊರಟು ಚಿಕ್ಕಮಗಳೂರು, ಸಖರಾಯಪಟ್ಟಣ, ಕಡೂರು, ಹೊಸದುರ್ಗ, ಹಿರಿಯೂರು, ಚಿತ್ರದುರ್ಗಗಳ ಮೂಲಕ ಚನ್ನಗಿರಿಯನ್ನು ಸೇರುವ ನಾಲ್ಕು ದಿನಗಳ ಪಯಣವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಮೊದಲ ರಾತ್ರಿ ಚಿಕ್ಕಮಗಳೂರಿನಲ್ಲಿ, ಎರಡನೆಯದು ಹೊಸದುರ್ಗದಲ್ಲಿ, ಮೂರನೆಯದು ಚಿತ್ರದುರ್ಗದಲ್ಲಿ ಎಂದು ತಂಗುವ ಸ್ಥಳಗಳನ್ನು ಮುಂಚಿತವಾಗಿಯೇ ಗೊತ್ತುಮಾಡಿಕೊಳ್ಳಬೇಕು. ವಾಹನದ ಚಕ್ರಗಳನ್ನೂ ಅದರ ನೀರು, ಎಣ್ಣೆಗಳನ್ನೂ ಹೊರಡುವ ಮುನ್ನಾದಿನವೇ ಪರೀಕ್ಷಿಸಬೇಕು. ಕುಡಿಯುವ ನೀರು, ಟೋಪಿ, ಹತ್ತಿಯ ಬಟ್ಟೆ, ಒಂದು ಭೂಪಟ, ಕಂಡದ್ದನ್ನು ಬರೆದಿಡಲು ಒಂದು ಪುಸ್ತಕ ಇವು ಜೊತೆಯಲ್ಲಿರಬೇಕು. ಮೊಬೈಲ್ ಫೋನ್ ಇಂದು ದಾರಿಯನ್ನು ತೋರಿಸುತ್ತದೆ, ದಿಟ. ಆದರೆ ಯಾವ ದಡದ ನೆಲ ಗಟ್ಟಿ, ಯಾವ ದಡದಲ್ಲಿ ಕೆಸರು ಎಂಬುದನ್ನು ಊರಿನವರು ಮಾತ್ರ ಬಲ್ಲರು.

ಪಯಣದ ಮೊದಲ ನಿಲುಗಡೆ ಹಳೇಬೀಡು. ಅಲ್ಲಿಗೆ ಹೋಗುವವರೆಲ್ಲ ಹೊಯ್ಸಳೇಶ್ವರ ದೇವಾಲಯವನ್ನು ನೋಡುತ್ತಾರೆ. ಅದರ ಪಕ್ಕದ ಕೆರೆಯನ್ನು ಗಮನಿಸುವವರು ಕಡಿಮೆ. ಹೊಯ್ಸಳರ ರಾಜಧಾನಿಗೆ ದೋರಸಮುದ್ರವೆಂಬ ಹೆಸರು ಬಂದದ್ದೇ ಈ ಕೆರೆಯಿಂದ. ದೇವಾಲಯಕ್ಕಿಂತ ಕೆರೆಯೇ ಹಳೆಯದು. ನೀರು ಮೊದಲು ಬಂದಿತು, ನಗರ ಬಳಿಕ ಬೆಳೆಯಿತು, ಶಿಲ್ಪ ಆಮೇಲೆ ಅರಳಿತು. ದೇವಾಲಯದ ನಿರ್ಮಾಣ 1121ರ ವೇಳೆಗೆ, ವಿಷ್ಣುವರ್ಧನನ ಕಾಲದಲ್ಲಿ ಆರಂಭವಾಯಿತು. ಹದಿನಾಲ್ಕನೆಯ ಶತಮಾನದ ದಾಳಿಗಳಿಂದ ರಾಜಧಾನಿ ಹಾಳಾಗಿ ‘ಹಳೆಯ ಬೀಡು’ ಎನಿಸಿತು. ಅರಮನೆಗಳು ಅಳಿದವು, ಕೆರೆ ಉಳಿಯಿತು. ಬೇಲೂರು, ಸೋಮನಾಥಪುರಗಳ ದೇವಾಲಯಗಳೊಡನೆ ಹಳೇಬೀಡಿನ ದೇವಾಲಯವೂ 2023ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದೆ. ಇಲ್ಲಿ ಪಾದರಕ್ಷೆಗಳನ್ನು ಹೊರಗೆ ಬಿಡಬೇಕಾಗುವುದರಿಂದ ನಡುಹಗಲಿನಲ್ಲಿ ಅಂಗಳದ ಕಲ್ಲು ಅಂಗಾಲನ್ನು ಸುಡುತ್ತದೆ. ದೇವಾಲಯವನ್ನು ಬೆಳಿಗ್ಗೆಯೇ ನೋಡಿ, ಬಳಿಕ ಕೆರೆಯ ಕಡೆಗೆ ಹೋಗುವುದು ಅನುಭವಿಗಳ ಸಲಹೆ.

ಮರುದಿನದ ಪಯಣ ಚಿಕ್ಕಮಗಳೂರಿನಿಂದ ಕಡೂರಿನ ದಾರಿಯಲ್ಲಿ. ಮಲೆನಾಡಿನ ಹಸುರು ಹಿಂದೆ ಸರಿದು ಬಯಲುಸೀಮೆಯ ಕೆಂಪು ನೆಲ ತೊಡಗುವ ಎಡೆಯಲ್ಲಿ ಸಖರಾಯಪಟ್ಟಣವಿದೆ. ಇದರ ಸಮೀಪದಲ್ಲಿರುವುದೇ ಅಯ್ಯನಕೆರೆ. ಬಾಬಾಬುಡನ್‌ಗಿರಿಯ ಸಾಲಿನಿಂದ ಇಳಿದು ಬರುವ ವೇದಾ ಹೊಳೆಯ ನೀರು ಇಲ್ಲಿ ನಿಲ್ಲುತ್ತದೆ. ಕೆರೆಯ ಹಿನ್ನೆಲೆಯಲ್ಲಿ ಶಕುನಗಿರಿ ಗೋಪುರದಂತೆ ಎದ್ದು ನಿಂತಿದೆ. ರುಕ್ಮಾಂಗದರಾಯನೆಂಬ ಅರಸನು ಈ ಕೆರೆಯನ್ನು ಕಟ್ಟಿಸಿದನೆಂದು ಐತಿಹ್ಯವಿದೆ. ಹನ್ನೆರಡನೆಯ ಶತಮಾನದಲ್ಲಿ ಹೊಯ್ಸಳರ ಆಳ್ವಿಕೆಯಲ್ಲಿ ಇದರ ದುರಸ್ತಿ ನಡೆಯಿತು.

ಈ ಕೆರೆಗೆ ಸಂಬಂಧಿಸಿದ ಕಥೆಯೊಂದು ಜನರ ನಾಲಗೆಯ ಮೇಲಿದೆ. ಒಮ್ಮೆ ಮಳೆ ವಿಪರೀತವಾಗಿ ಸುರಿದು ಏರಿ ಒಡೆಯುವ ಸ್ಥಿತಿಗೆ ಬಂದಿತಂತೆ. ಏರಿಯನ್ನು ಕಾಯುತ್ತಿದ್ದ ಬಡ ಸೇವಕನ ಮುಂದೆ ಕೆರೆಯ ದೇವತೆ ಕಾಣಿಸಿಕೊಂಡು, ತಾನು ಕಟ್ಟೆಯನ್ನೊಡೆದು ಹೊರಡುವುದಾಗಿ ಹೇಳಿದಳು. ಅವನು ಕೈಮುಗಿದು, “ತಾಯಿ, ಅರಸನಿಗೆ ಸುದ್ದಿ ಮುಟ್ಟಿಸಿ ನಾನು ಹಿಂದಿರುಗುವವರೆಗೆ ನಿಲ್ಲು” ಎಂದು ಬೇಡಿಕೊಂಡನು. ದೇವತೆ ಒಪ್ಪಿದಳು. ಅವನು ಊರಿಗೆ ಓಡಿ ಸುದ್ದಿ ಮುಟ್ಟಿಸಿದನು. ಅವನು ಹಿಂದಿರುಗದಿದ್ದರೆ ಕೆರೆ ಎಂದೆಂದಿಗೂ ಒಡೆಯದೆಂದು ಎಣಿಸಿ ಅವನನ್ನು ಅಲ್ಲಿಯೇ ಬಲಿಕೊಟ್ಟರಂತೆ. ಕಥೆ ನಡೆದದ್ದೋ ಕಟ್ಟಿದ್ದೋ, ಅದರೊಳಗಿನ ನೋವು ಮಾತ್ರ ನಿಜವಾದುದು. ಕೆರೆಗಳು ಅರಸರ ಹೆಸರಿನಲ್ಲಿ ನಿಂತಿವೆ. ಅವುಗಳನ್ನು ಕಟ್ಟಿದವರು, ಕಾದವರು, ಅವುಗಳಿಗಾಗಿ ಜೀವ ತೆತ್ತವರು ಹೆಸರಿಲ್ಲದ ಜನ. ಏರಿಯ ಮೇಲೆ ನಡೆಯುವ ಪ್ರಯಾಣಿಕನು ಕ್ಷಣಕಾಲವಾದರೂ ಅವರನ್ನು ನೆನೆಯಬೇಕು.

ಕಡೂರಿನ ಬಳಿಯಲ್ಲಿ ಮದಗದ ಕೆರೆಯಿದೆ. ಅವತಿ ಹೊಳೆಯ ನೀರು ಈ ಕೆರೆಗೆ ಬರುತ್ತದೆ. ಅಯ್ಯನಕೆರೆಯಿಂದ ಮುಂದೆ ಹರಿದ ವೇದಾ, ಮದಗದ ಕೆರೆಯಿಂದ ಮುಂದೆ ಹರಿದ ಅವತಿ ಇವೆರಡೂ ಕಡೂರಿನ ಸೀಮೆಯಲ್ಲಿ ಕೂಡಿ ವೇದಾವತಿಯಾಗುತ್ತವೆ. ಬೇಸಿಗೆಯಲ್ಲಿ ವೇದಾವತಿಯ ಪಾತ್ರದಲ್ಲಿ ಮರಳೇ ಹೆಚ್ಚು. ಹೊಸದುರ್ಗದ ಕಡೆಗೆ ಸಾಗುವವನು ಆ ಬರಿದಾದ ಪಾತ್ರವನ್ನು ನೋಡಿದಾಗ, ಹಿಂದಿನವರು ಮಳೆಯ ನೀರನ್ನು ಹಿಡಿದಿಡಲು ಏಕೆ ಅಷ್ಟು ಶ್ರಮಪಟ್ಟರೆಂಬುದು ಬೇರೆಯವರು ಹೇಳದೆಯೇ ತಿಳಿಯುತ್ತದೆ.

ಮೂರನೆಯ ದಿನ ಎದುರಾಗುವುದು ಅದೇ ವೇದಾವತಿಗೆ ಹಿರಿಯೂರಿನ ಬಳಿ ಕಟ್ಟಿದ ವಾಣಿವಿಲಾಸ ಸಾಗರ. ಎರಡು ಬೆಟ್ಟಗಳ ನಡುವಣ ಮಾರಿಕಣಿವೆಯಲ್ಲಿ ಮೈಸೂರು ಸಂಸ್ಥಾನವು 1898ರಲ್ಲಿ ಇದರ ನಿರ್ಮಾಣವನ್ನು ಕೈಗೊಂಡು 1907ರಲ್ಲಿ ಮುಗಿಸಿತು. ಆಗ ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಹೆಸರನ್ನು ಇದಕ್ಕೆ ಇಡಲಾಯಿತು. ಇದರ ಪೂರ್ಣ ಮಟ್ಟ 130 ಅಡಿ. ಹಿಡಿಯುವ ನೀರು ಸುಮಾರು 30 ಟಿ.ಎಂ.ಸಿ. ಮಳೆ ಕಡಿಮೆಯಾದ ಸೀಮೆಯಲ್ಲಿ ಇಷ್ಟು ದೊಡ್ಡ ಜಲಾಶಯ ತುಂಬುವುದು ಸುಲಭವಲ್ಲ. 1933ರಲ್ಲಿ ಕೋಡಿ ಹರಿದ ಬಳಿಕ ಅದು ಮತ್ತೆ ಕೋಡಿ ಹರಿದದ್ದು 2022ರಲ್ಲಿ. ನಡುವೆ 89 ವರ್ಷಗಳು ಕಳೆದಿದ್ದವು. ಬಾಲ್ಯದಲ್ಲಿ ಅದನ್ನು ಕಂಡವರು ಮುದುಕರಾದರು. ಅವರ ಮಕ್ಕಳು, ಮೊಮ್ಮಕ್ಕಳು ಅದನ್ನು ಬರಿಯ ಮಾತಿನಲ್ಲಿ ಕೇಳಿದರು. ಆ ವರ್ಷ ನೀರು ಕೋಡಿಯ ಮೇಲೆ ಧುಮುಕಿದಾಗ ಸುತ್ತಣ ಹಳ್ಳಿಗಳ ಜನ ನೋಡಲು ಧಾವಿಸಿ ಬಂದರು. ಒಳ್ಳೆಯ ಮಳೆಯೊಡನೆ, ಭದ್ರಾ ನದಿಯಿಂದ ಎತ್ತಿ ತಂದ ನೀರೂ ಈಚಿನ ವರ್ಷಗಳಲ್ಲಿ ಇದಕ್ಕೆ ನೆರವಾಗಿದೆ. 2025ರ ಜನವರಿಯಲ್ಲಿ ಅದು ಇನ್ನೊಮ್ಮೆ ಕೋಡಿ ಹರಿಯಿತು.

ಚಿತ್ರದುರ್ಗದಲ್ಲಿ ರಾತ್ರಿ ತಂಗಿದ ಪ್ರಯಾಣಿಕನು ಅಲ್ಲಿ ಕುಡಿಯುವ ನೀರು ಎಲ್ಲಿಂದ ಬಂದಿತೆಂದು ಕೇಳಿದರೆ, ಶಾಂತಿಸಾಗರದ ಹೆಸರನ್ನೂ ಕೇಳುತ್ತಾನೆ. ನಾಲ್ಕನೆಯ ದಿನ ಹೊಳಲ್ಕೆರೆಯ ಮೂಲಕ ಚನ್ನಗಿರಿಯ ಕಡೆಗೆ ಹೋದಾಗ ಆ ನೀರಿನ ಮೂಲವನ್ನು ಕಣ್ಣಾರೆ ಕಾಣುತ್ತಾನೆ. ಸೂಳೆಕೆರೆಯೆಂದು ಜನ ಕರೆಯುವ ಈ ಕೆರೆಯನ್ನು ಶಾಂತವ್ವೆ ಎಂಬ ಹೆಣ್ಣುಮಗಳು ಕಟ್ಟಿಸಿದಳೆಂದು ಪ್ರತೀತಿಯಿದೆ. ಹರಿದ್ರಾ ಹಳ್ಳ ಎರಡು ಗುಡ್ಡಗಳ ನಡುವೆ ನುಗ್ಗುವ ಇಕ್ಕಟ್ಟಾದ ಜಾಗವನ್ನೇ ಹುಡುಕಿ ಅಲ್ಲಿ ಏರಿಯನ್ನು ಹಾಕಿದ್ದಾರೆ. ಏರಿಯ ಉದ್ದ ಸುಮಾರು ಸಾವಿರ ಅಡಿ ಮಾತ್ರ. ಅದು ತಡೆದು ನಿಲ್ಲಿಸಿದ ನೀರು ಆರು ಸಾವಿರ ಎಕರೆಗಳಿಗೂ ಮಿಕ್ಕಿ ಹರಡುತ್ತದೆ. ಕಡಿಮೆ ಕಟ್ಟಿ ಹೆಚ್ಚು ನೀರು ನಿಲ್ಲಿಸುವ ಈ ಚಾತುರ್ಯವನ್ನು ಇಂದಿನ ಎಂಜಿನಿಯರುಗಳೂ ಮೆಚ್ಚುತ್ತಾರೆ. ಸಿದ್ಧ ಮತ್ತು ಬಸವ ಎಂಬ ಹೆಸರಿನ ಎರಡು ತೂಬುಗಳು ಇದಕ್ಕಿವೆ. ಇಷ್ಟು ದೊಡ್ಡ ಕೆರೆಗೂ ಹೂಳು, ಒತ್ತುವರಿಗಳ ಕಾಟ ತಪ್ಪಿಲ್ಲ.

ಇನ್ನು ಊರಿನವರಿಂದ ತಿಳಿದುಕೊಳ್ಳಬೇಕಾದ ಎಚ್ಚರದ ಮಾತುಗಳಿವೆ. ಬತ್ತಿದ ಅಂಗಳದಲ್ಲಿ ಮೇಲಿನ ಮಣ್ಣು ಒಣಗಿ ಬಿರುಕುಬಿಟ್ಟು ಗಟ್ಟಿಯಾಗಿ ಕಾಣುತ್ತದೆ. ನೀರಿನ ಅಂಚಿಗೆ ಸಮೀಪಿಸಿದಂತೆ ಅದರ ಅಡಿಯಲ್ಲಿ ಮೆತ್ತನೆಯ ಕೆಸರು ಇರುತ್ತದೆ. ಕಾಲಿಟ್ಟವರು ಹೂತುಹೋಗುವುದುಂಟು. ದನಕರುಗಳು ನೀರಿಗಿಳಿಯುವ ಜಾಡಿನಲ್ಲಿ ನೆಲ ಸಾಮಾನ್ಯವಾಗಿ ಗಟ್ಟಿ. ಆದುದರಿಂದ ಕುರಿ ಕಾಯುವವರನ್ನೋ ಮೀನು ಹಿಡಿಯುವವರನ್ನೋ ಕೇಳದೆ ಅಂಗಳಕ್ಕೆ ಇಳಿಯಲಾಗದು. ಇದಕ್ಕಿಂತಲೂ ಅಪಾಯಕಾರಿಯಾದುದು ಮಣ್ಣು ತೆಗೆದ ಗುಂಡಿಗಳು. ರೈತರು ಹೊಲಗಳಿಗೆ ಗೋಡುಮಣ್ಣನ್ನು ಒಯ್ಯುವುದು ಹಳೆಯ ಪದ್ಧತಿ. ಅದರಿಂದ ಹೂಳು ಕಡಿಮೆಯಾಗುತ್ತದೆ, ಹೊಲಕ್ಕೂ ಸಾರ ಸಿಗುತ್ತದೆ. ಆದರೆ ಈಚೆಗೆ ಯಂತ್ರಗಳಿಂದ ಒಂದೇ ಕಡೆ ಆಳವಾಗಿ ಅಗೆದ ಗುಂಡಿಗಳು ಒಂದು ಮಳೆಗೆ ತುಂಬಿಕೊಂಡು, ಮೇಲೆ ನೋಡಿದರೆ ಮೊಣಕಾಲುದ್ದದ ನೀರಿನಂತೆ ತೋರುತ್ತವೆ. ರಜೆಯ ದಿನಗಳಲ್ಲಿ ಈಜಲು ಹೋದ ಎಷ್ಟೋ ಮಕ್ಕಳು ಹೀಗೆ ಪ್ರಾಣ ಕಳೆದುಕೊಂಡಿದ್ದಾರೆ. “ಅಲ್ಲಿ ಇಳಿಯಬೇಡಿ, ಮಕ್ಕಳೇ” ಎಂದು ದಡದ ಅಜ್ಜನೊಬ್ಬ ಕೂಗಿದರೆ ಆ ಮಾತನ್ನು ನಗೆಯಾಡಿ ತಳ್ಳಿಹಾಕಕೂಡದು. ಪರಿಚಯವಿಲ್ಲದ ನೀರಿಗೆ ಈಜು ಬಲ್ಲವರೂ ಇಳಿಯಬಾರದು. ಗುಡುಗು ಕೇಳಿಸಿದೊಡನೆ ಏರಿಯನ್ನೂ ಒಂಟಿಮರದ ನೆರಳನ್ನೂ ಬಿಟ್ಟು ಊರಿನ ಕಟ್ಟಡವನ್ನು ಸೇರಬೇಕು.

ಪ್ರವಾಸಿಗೆ ಕೆರೆ ಒಂದು ಹೊತ್ತಿನ ನೋಟ. ದಡದ ಊರಿನವರಿಗೆ ಅದು ಮುಂದಿನ ಮಳೆ ಬರುವವರೆಗೆ ಉಳಿಸಿಕೊಳ್ಳಬೇಕಾದ ಬದುಕು. ಬೇಸಿಗೆಯಲ್ಲಿ ಉಳಿದ ಸ್ವಲ್ಪ ನೀರಿನಲ್ಲಿಯೇ ದನಗಳಿಗೂ ಮೀನುಗಳಿಗೂ ಹಕ್ಕಿಗಳಿಗೂ ಪಾಲಿದೆ. ಅಲ್ಲಿ ವಾಹನವನ್ನು ತೊಳೆಯುವುದು, ಪ್ಲಾಸ್ಟಿಕ್ ಚೀಲಗಳನ್ನೂ ಬಾಟಲಿಗಳನ್ನೂ ಎಸೆಯುವುದು, ತೂಬಿನ ತಿರುಪನ್ನು ಆಟಕ್ಕಾಗಿ ತಿರುಗಿಸುವುದು ಇವು ಅನ್ಯರ ಮನೆಯ ಕೊಡದಲ್ಲಿ ಕೈ ಅದ್ದಿದಂತೆ. ಊರಿನ ಅಂಗಡಿಯಲ್ಲಿ ಮಜ್ಜಿಗೆಯನ್ನೋ ಎಳನೀರನ್ನೋ ಕುಡಿದು, ಎರಡು ಗಳಿಗೆ ಕುಳಿತು, ಈ ವರ್ಷ ಕೆರೆಗೆ ನೀರೆಷ್ಟು ಬಂದಿತ್ತು, ತೂಬನ್ನು ಯಾವಾಗ ಎತ್ತಿದರು ಎಂದು ವಿಚಾರಿಸಿದರೆ ಜನ ಸಂತೋಷದಿಂದ ಮಾತಾಡುತ್ತಾರೆ. ಯಾವ ಕೈಪಿಡಿಯಲ್ಲೂ ದೊರೆಯದ ತಿಳಿವಳಿಕೆ ಅಲ್ಲಿ ದೊರೆಯುತ್ತದೆ.

ನಾಲ್ಕು ದಿನಗಳ ಪಯಣವನ್ನು ಮುಗಿಸಿ ಮನೆಗೆ ಹಿಂದಿರುಗಿದ ವಿದ್ಯಾರ್ಥಿಯು ಕೊನೆಯಲ್ಲಿ ನೋಡಬೇಕಾದ ಕೆರೆಯೊಂದು ಉಳಿದಿರುತ್ತದೆ. ಅದು ಅವನ ಊರಿನದೇ ಕೆರೆ. ಅದರ ಏರಿಯ ಮೇಲೆ ದಿನವೂ ನಡೆದಿದ್ದರೂ ಅದರ ತೂಬು ಎಲ್ಲಿದೆ, ಕೋಡಿ ಯಾವ ಕಡೆಗೆ ಹರಿಯುತ್ತದೆ, ನೀರು ತರುವ ಹಳ್ಳ ಎಲ್ಲಿ ಮುಚ್ಚಿಹೋಗಿದೆ ಎಂದು ಅವನು ಹಿಂದೆಂದೂ ಕೇಳಿರಲಾರನು. ಈಗ ಕೇಳುತ್ತಾನೆ. ಹಾಗೆ ಕೇಳುವ ಮಕ್ಕಳು ಇರುವ ಊರಿನಲ್ಲಿ ಕೆರೆ ಸುಲಭವಾಗಿ ಹಾಳಾಗದು.