ಬಲಗುಂಡಿಯ ಕರೆ

ಅಮೆರಿಕದ ಡಗ್ಲಾಸ್ ಎಂಗಲ್‌ಬರ್ಟ್ 1968ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಪ್ರದರ್ಶಿಸಿದ ಮೌಸ್‌ಗೆ ಮೂರು ಗುಂಡಿಗಳಿದ್ದವು. 1984ರ ಮೆಕಿಂತೋಷ್‌ಗೆ ಒಂದೇ ಸಾಕಾಯಿತು. ಬಲಗುಂಡಿಯನ್ನೊತ್ತಿದೊಡನೆ ಆಯಾ ವಸ್ತುವಿಗೆ ತಕ್ಕ ಆಯ್ಕೆಗಳ ಪಟ್ಟಿ ತೆರೆದುಕೊಳ್ಳುವ ರೂಢಿಯು 1995ರಲ್ಲಿ ಬಂದ ವಿಂಡೋಸ್ 95ರಿಂದ ಎಲ್ಲೆಡೆ ಹರಡಿತು.

ಜಾಲಪುಟದಲ್ಲಿ ಆ ಗುಂಡಿಯನ್ನೊತ್ತಿದಾಗ ಬ್ರೌಸರು ‘ಕಾಂಟೆಕ್ಸ್ಟ್‌ಮೆನು’ ಎಂಬ ಸೂಚನೆಯನ್ನು ಕ್ರಮವಿಧಿಗೆ ಮುಟ್ಟಿಸುವುದು. ಕ್ರಮವಿಧಿಯು ಬ್ರೌಸರಿನ ಪಟ್ಟಿಯನ್ನು ತಡೆದು, ಸೂಚನೆಯೊಡನೆ ಬಂದ ಸ್ಥಾನದಲ್ಲಿಯೇ ತನ್ನ ಪಟ್ಟಿಯನ್ನು ತೋರಿಸಬಹುದು. ತೆರೆಯ ಅಂಚಿನಲ್ಲಾದರೆ ಅದನ್ನು ಒಳಕ್ಕೆ ಸರಿಸಬೇಕು. ಇಲ್ಲವಾದರೆ ಕೆಲವು ಆಯ್ಕೆಗಳು ಕಾಣದೆ ಹೋಗುವುವು.

ವಿಂಡೋಸ್ ಗಣಕದಲ್ಲಿ ಮೌಸ್ ಹಿಡಿಯಲಾರದವರು ಶಿಫ್ಟ್ ಹಾಗೂ ಎಫ್10 ಕೀಲಿಗಳನ್ನು ಒಟ್ಟಿಗೆ ಒತ್ತಿ ಇದೇ ಸೂಚನೆಯನ್ನು ಕಳುಹಿಸುತ್ತಾರೆ. ಬಲಗುಂಡಿಯೊಂದನ್ನೇ ಕಾಯುವ ಕ್ರಮವಿಧಿಗೆ ಅವರ ಕರೆ ಕೇಳಿಸದು. ಚಿತ್ರವನ್ನು ಯಾರೂ ನಕಲು ಮಾಡದಿರಲೆಂದು ಪಟ್ಟಿಯನ್ನೇ ತಡೆದುಬಿಡುವವರೂ ಉಂಟು. ವ್ಯರ್ಥ ಪ್ರಯತ್ನ! ತೆರೆಯ ಮೇಲೆ ಮೂಡಿದ ಚಿತ್ರವು ಆಗಲೇ ಓದುಗನ ಗಣಕವನ್ನು ಸೇರಿರುತ್ತದೆ.